ರೈಟಕ್ಕನ ವಾರದ ರಜೆ

ಎಲ್ಲ ರಗಳೆಗೂ ಮೂಲ ಒಂದು ಪೆನ್ನು.

ಹೊಸ ಪೆನ್ನು ಕೈಗೆ ಬಂದರೆ ಅದು ಬರೆಯುತ್ತದೋ ಇಲ್ಲವೋ ಎಂದು ನೋಡಲು ಜನ ಕಾಗದದ ಮೂಲೆಯಲ್ಲಿ ಒಂದು ಸೊನ್ನೆ ಸುತ್ತುತ್ತಾರೆ, ಇಲ್ಲವೇ ಎರೆಹುಳದ ಹಾಗೆ ನಾಲ್ಕು ಗೆರೆ ಎಳೆಯುತ್ತಾರೆ. ರೈಟಕ್ಕ ಮಾತ್ರ ತನ್ನ ಹೆಸರು ಬರೆದಳು. ಅದೂ ಚಿತ್ತಿಲ್ಲದೆ, ದುಂಡಗೆ, ಕಾಗದದ ಮೊದಲನೇ ಸಾಲಿನಲ್ಲೇ. ಆ ಸಾಲಿನ ಆರಂಭದಲ್ಲಿ ನಿವೃತ್ತ ಹೆಡ್‌ಮಿಸ್ಸು ಕೆಂಪು ಶಾಯಿಯಲ್ಲಿ ಮೊದಲೇ ಎರಡು ಪದ ಬರೆದಿಟ್ಟಿದ್ದರು: 'ಸೇವಾದಿನದ ಸಂಚಾಲಕಿ'.

"ಎಲ್ಲರೂ ಚಪ್ಪಾಳೆ ಹೊಡೀರಿ!" ಎಂದರು ಹೆಡ್‌ಮಿಸ್ಸು. ಅವರ ಮನೆಯ ಮುಂದಿನ ಕೋಣೆಯಲ್ಲಿ ಒತ್ತಿಕೊಂಡು ಕೂತಿದ್ದ ಬೀದಿಯ ಹದಿನೆಂಟು ಹೆಂಗಸರೂ ಚಪ್ಪಾಳೆ ಹೊಡೆದರು. ತಮ್ಮ ತಲೆಯ ಮೇಲಿನ ಭಾರ ಬೇರೆಯವರ ತಲೆಗೆ ಹೋದಾಗ ಚಪ್ಪಾಳೆ ತಾನಾಗಿಯೇ ಜೋರಾಗಿ ಬರುತ್ತದೆ.

"ಮಿಸ್, ನಾನು ಪೆನ್ನು ಬರೆಯುತ್ತಾ ಅಂತ ನೋಡ್ತಿದ್ದೆ ಅಷ್ಟೇ..."

"ಬರೀತಲ್ಲ? ಮತ್ತಿನ್ನೇನು! ಕೇಳೋಕೆ ಮುಂಚೆನೇ ಹೆಸರು ಕೊಡೋ ದೊಡ್ಡ ಮನಸ್ಸು ಈ ಬೀದೀಲಿ ಇನ್ಯಾರಿಗಿದೆ?"

ರೈಟಕ್ಕ ಹದಿನಾರು ವರ್ಷದಿಂದ ಸಿಟಿ ಬಸ್ಸಿನ ಕಂಡಕ್ಟರ್. ದಿನಕ್ಕೆ ಎಂಟು ಟ್ರಿಪ್ಪು, ಟ್ರಿಪ್ಪಿಗೆ ಇಪ್ಪತ್ತೊಂದು ಸ್ಟಾಪು, ಸ್ಟಾಪಿಗೊಂದು "ರೈಟ್ ರೈಟ್". ಮನೆಯಲ್ಲಿ ಅತ್ತೆ ಟೀ ಕುಡಿದು ಲೋಟ ಕೆಳಗಿಟ್ಟರೂ ಅವಳ ಬಾಯಿಂದ "ರೈಟ್" ಎಂದೇ ಬರುತ್ತಿತ್ತು. ಹಾಗಾಗಿ ಬೀದಿ ಅವಳಿಗೆ ಆ ಹೆಸರಿಟ್ಟಿತ್ತು. ಅವಳಿಗೆ ಬದುಕಿನಲ್ಲಿ ಬೇಕಾಗಿದ್ದು ಹೆಚ್ಚೇನೂ ಅಲ್ಲ. ಬುಧವಾರದ ವಾರದ ರಜೆಯಲ್ಲಿ ಬೆಳಿಗ್ಗೆ ಹತ್ತರವರೆಗೆ ನಿದ್ದೆ, ಮಧ್ಯಾಹ್ನ ಊಟ ಮಾಡಿ ಮತ್ತೆ ನಾಲ್ಕರವರೆಗೆ ನಿದ್ದೆ. ಅಷ್ಟು ಸಿಕ್ಕರೆ ಉಳಿದ ಆರು ದಿನ ಅವಳು ಯಾರ ಹತ್ತಿರವೂ ಜಗಳವಾಡುತ್ತಿರಲಿಲ್ಲ.

"ಸೇವಾದಿನ ಯಾವತ್ತು ಮಿಸ್?" ಎಂದು ಕೇಳಿದಳು.

"ಬುಧವಾರ. ನಿನಗೆ ಅನುಕೂಲ ಆಗ್ಲಿ ಅಂತಲೇ."

ಬೇಡ ಎನ್ನಲು ಅವಳು ಬಾಯಿ ತೆರೆದಳು. ಆದರೆ ಕೆಲಸ ಎಲ್ಲಿ ಎಂದು ಕೇಳಿದ ಮೇಲೆ ಬಾಯಿ ಮುಚ್ಚಿಕೊಂಡಳು. ಕೆಲಸ ಹೆರಿಗೆ ಆಸ್ಪತ್ರೆಯಲ್ಲಿ. ಅಲ್ಲಿ ಬಾಣಂತಿಯರಿಗೆ ಮಂಚವಿತ್ತು, ಅವರ ಜೊತೆಗೆ ಬಂದ ತಾಯಿ, ಅಕ್ಕ, ಅತ್ತೆಯಂದಿರಿಗೆ ಮಾತ್ರ ಹೊರಗಿನ ಓಣಿಯ ನೆಲವೇ ಗತಿ. ರೈಟಕ್ಕ ತನ್ನ ತಂಗಿಯ ಹೆರಿಗೆಗೆ ಹೋದಾಗ ಆ ನೆಲದ ಮೇಲೆ ನಾಲ್ಕು ರಾತ್ರಿ ಕಳೆದವಳು. ಕಿವಿಯ ಪಕ್ಕದಲ್ಲೇ ಬೂಟುಗಳು ಓಡಾಡುತ್ತಿದ್ದವು. ಆ ನೆಲದ ಥಂಡಿ ಇನ್ನೂ ಅವಳ ಬಲ ಭುಜದಲ್ಲಿ ಉಳಿದಿತ್ತು.

ಆಸ್ಪತ್ರೆಯ ಹಿಂದೆ ಕಾಲು ಮುರಿದ ಮಂಚಗಳೂ ಮುರುಕು ಸಾಮಾನೂ ತುಂಬಿದ ಒಂದು ದೊಡ್ಡ ಹಾಲ್ ಇತ್ತು. ಸೂಪರಿಂಟೆಂಡೆಂಟರು ಒಂದೇ ಒಂದು ದಿನಕ್ಕೆ ಅದರ ಬೀಗದಕೈ ಕೊಟ್ಟಿದ್ದರು. ಸಂಜೆ ನಾಲ್ಕರೊಳಗೆ ಸುಣ್ಣಬಣ್ಣವಾಗಿ ಮಂಚಗಳು ನಿಂತರೆ ಅದು ಜೊತೆಗೆ ಬಂದ ಹೆಂಗಸರು ಮಲಗುವ ಹಾಲ್, ನಿಲ್ಲದಿದ್ದರೆ ಮತ್ತೆ ಗೋಡೌನ್. ಅನುಮತಿ ಪತ್ರದಲ್ಲಿ ಹಾಗೇ ಬರೆದಿತ್ತು. ಮಂಚದ ಮೇಲಿನ ಹಾಸಿಗೆಗೆ ಹೆಡ್‌ಮಿಸ್ಸು ಹಾಸಿಗೆ ಕಾರ್ಖಾನೆಯ ಒಡತಿಯನ್ನೇ ಮುಖ್ಯ ಅತಿಥಿಯಾಗಿ ಕರೆದಿದ್ದರು.

"ನಾನೂ ಮುಖ ನೋಡಿಲ್ಲ, ಫೋನಲ್ಲಿ ಮಾತಾಡಿದ್ದಷ್ಟೇ," ಎಂದಿದ್ದರು ಹೆಡ್‌ಮಿಸ್ಸು. "ತುಂಬ ಖಡಕ್ಕು. ಕೆಲಸ ಕಣ್ಣಾರೆ ನೋಡದೆ ಒಂದು ಹಿಡಿ ಹತ್ತೀನೂ ಕೊಡಲ್ಲ ಅಂದ್ರು."

ಬುಧವಾರ ಬೆಳಿಗ್ಗೆ ಆರಕ್ಕೇ ರೈಟಕ್ಕ ಎದ್ದು ಹೊರಟಾಗ ಅತ್ತೆ ಹಾಸಿಗೆಯಿಂದಲೇ ಕೇಳಿದರು, "ಇವತ್ತು ನಿನಗೆ ರಜಾ ಅಲ್ವೇನೇ?"

"ಹೌದತ್ತೆ. ಅದಕ್ಕೇ ಬೇಗ ಹೊರಟಿದ್ದೀನಿ."

ಎಂಟು ಗಂಟೆಯ ಹೊತ್ತಿಗೆ ಹಾಲ್ ಜೇನುಗೂಡಿನಂತಾಗಿತ್ತು. ಒಳಗೆ ವಕೀಲಮ್ಮ ಕೋಟು ಕಳಚಿಟ್ಟು ಏಣಿ ಹತ್ತಿ, ಗೋಡೆಯ ಮೇಲೆ ಆರೋಪ ಹೊರಿಸುವವರಂತೆ ಬ್ರಷ್ ಝಳಪಿಸುತ್ತಿದ್ದರು. ಬ್ಯೂಟಿ ಪಾರ್ಲರಿನ ತಂಗಿ ಕಿಟಕಿಯ ಸರಳಿಗೆ ಎಷ್ಟು ನಾಜೂಕಾಗಿ ಬಣ್ಣ ಹಚ್ಚುತ್ತಿದ್ದಳೆಂದರೆ, ಒಂದೊಂದು ಸರಳೂ ಮದುವೆಗೆ ಹೊರಟಂತೆ ಕಾಣುತ್ತಿತ್ತು. ಉಳಿದವರು ನೆಲ ಉಜ್ಜುತ್ತಿದ್ದರು. ಚಪ್ಪಲಿಗೆ ಬಣ್ಣ ಸಿಡಿಯದಿರಲೆಂದು ಎಲ್ಲರೂ ಅವನ್ನು ಹೊರಗೆ ಗೋಡೆಯ ಬುಡದಲ್ಲಿ ಸಾಲಾಗಿ ಬಿಟ್ಟಿದ್ದರು.

ಹೊರಗಿನ ಅಂಗಳದಲ್ಲಿ ಹಳೆ ಸಾಮಾನಿನ ಮಾರಾಟ. ಬೀದಿಯ ಪ್ರತಿ ಮನೆಯೂ ತನಗೆ ಬೇಡವಾದದ್ದನ್ನು ದಾನವೆಂದು ಕೊಟ್ಟಿತ್ತು. ಆ ದುಡ್ಡು ಕೈಗೆ ಬಿದ್ದ ಮೇಲೇ ಮಂಚದ ಮುರಿದ ಕಾಲುಗಳನ್ನು ಬೆಸೆಯುತ್ತೇನೆಂದು ವೆಲ್ಡಿಂಗಿನವನು ಯಂತ್ರದ ಪಕ್ಕದಲ್ಲಿ ಬೀಡಿ ಸೇದುತ್ತಾ ಕೂತಿದ್ದ. ಮಾರಾಟದ ಹೊಣೆ ಸಂಚಾಲಕಿಯದು.

ಒಂಬತ್ತಾಯಿತು, ಹತ್ತಾಯಿತು. ಜನ ಬಂದರು, ನೋಡಿದರು, ಒಂದು ತಟ್ಟೆಯನ್ನು ಬೆರಳಿನಿಂದ ಟಣ್ ಎನಿಸಿ ಹೋದರು. ಮಾರಿದ್ದು ಒಂದು ಜರಡಿ. ಅದನ್ನು ಕೊಂಡದ್ದೂ ಪಾರ್ಲರ್ ತಂಗಿಯೇ.

ಹೆಡ್‌ಮಿಸ್ಸು ಹೆಗಲಿಗೆ ಬ್ಯಾಗು ಹಾಕಿಕೊಂಡು ಪರೀಕ್ಷೆಯ ಕೊಠಡಿಯಲ್ಲಿ ಸುತ್ತುವಂತೆ ಒಂದು ಸುತ್ತು ಬಂದರು. "ಹೀಗೆ ಸುಮ್ಮನೆ ನಿಂತ್ರೆ ಮಂಚ ನಿಲ್ಲಲ್ಲ ಕಣೇ. ಬಾಯಿ ಬಿಡು. ಹದಿನಾರು ವರ್ಷ ಏನು ಕೆಲಸ ಮಾಡಿದೀಯ ನೀನು?" ಎಂದು ಹೇಳಿ ಸೂಪರಿಂಟೆಂಡೆಂಟರ ಕೊಠಡಿಗೆ ಹೋದರು.

ಆ ಮಾತು ರೈಟಕ್ಕನ ಒಳಗೆ ಎಲ್ಲೋ ಒಂದು ಗಂಟೆ ಬಾರಿಸಿತು. ಅವಳು ಒಂದು ಸ್ಟೂಲಿನ ಮೇಲೆ ಹತ್ತಿ ನಿಂತಳು.

"ಬನ್ನಿ ಬನ್ನಿ, ಒಳಗೆ ಖಾಲಿ ಇದೆ! ಗೇಟಲ್ಲಿ ನಿಲ್ಬೇಡಿ, ಮುಂದೆ ಬನ್ನಿ! ರೀ ಅಂಕಲ್, ಮುಂದೆ ಹೋಗಿ, ಹಿಂದೆ ಇರೋರಿಗೂ ಜಾಗ ಬಿಡಿ! ಚಿಲ್ಲರೆ ಕೈಯಲ್ಲಿ ಹಿಡ್ಕೊಳ್ಳಿ!"

ಎಂಥ ಮಾಯೆಯೋ! ದಿನಾ ಬಸ್ಸು ಹತ್ತುವ ಜನ ಆ ದನಿ ಕೇಳಿದ್ದೇ ಯೋಚಿಸದೆ ಒಳಗೆ ನುಗ್ಗಿದರು, ಯೋಚಿಸದೆ ಸಾಲಾಗಿ ನಿಂತರು, ಯೋಚಿಸದೆ ಜೇಬಿಗೆ ಕೈ ಹಾಕಿದರು. ಬಟ್ಟೆಯಿಲ್ಲದ ಕೊಡೆ ಹೋಯಿತು. ಮುಳ್ಳಿಲ್ಲದ ಗಡಿಯಾರವನ್ನು "ಗೋಡೆ ತೂತು ಮುಚ್ಚೋಕೆ ಇದಕ್ಕಿಂತ ಒಳ್ಳೇದು ಸಿಗಲ್ಲ" ಎಂದು ಮಾರಿದಳು. ಹಿಡಿ ಕಿತ್ತುಹೋದ ಬಾಣಲೆ, ಎಡಗಾಲಿನದೇ ಎರಡಿದ್ದ ಮಳೆ ಬೂಟು, ಎಲ್ಲವೂ ಹೋದವು. ವೆಲ್ಡಿಂಗಿನವನು ಬೀಡಿ ಎಸೆದು ಯಂತ್ರ ಹಚ್ಚಿದ. ನೀಲಿ ಕಿಡಿ ಚಿಮ್ಮಿತು. ರೈಟಕ್ಕನ ಹುರುಪು ಅದಕ್ಕಿಂತ ಎತ್ತರಕ್ಕೆ ಚಿಮ್ಮಿತು. ಕೈಗೆ ಸಿಕ್ಕಿದ್ದನ್ನೆಲ್ಲ ಎತ್ತಿ ತೋರಿಸಿದಳು, ಎತ್ತಿ ತೋರಿಸಿದ್ದನ್ನೆಲ್ಲ ಮಾರಿದಳು.

ಎರಡೂವರೆಗೆ ವಕೀಲಮ್ಮ ಹೊರಗೆ ಬಂದರು. ಗೋಡೆಯ ಬುಡ ನೋಡಿದರು. ಬರಿಯ ಗೋಡೆ, ಬರಿಯ ಬುಡ.

"ರೈಟಕ್ಕಾ, ಇಲ್ಲಿ ಚಪ್ಪಲಿ ಇದ್ವಲ್ಲ?"

"ಇದ್ವು. ಹದಿನೆಂಟು ಜೊತೆ. ಐದೇ ನಿಮಿಷದಲ್ಲಿ ಖರ್ಚಾದ್ವು!" ಎಂದು ಹೆಮ್ಮೆಯಿಂದ ಹೇಳಿದ ರೈಟಕ್ಕ, ಹೇಳುತ್ತಾ ಹೇಳುತ್ತಾ ತನ್ನ ಕಾಲು ನೋಡಿಕೊಂಡಳು. ಹದಿನೆಂಟನೇ ಜೊತೆ ಅವಳದೇ ಆಗಿತ್ತು.

"ನಾನು ಕೊಂಡು ಇನ್ನೂ ಒಂದು ವಾರ ಆಗಿಲ್ಲ ಕಣ್ರೀ! ಯಾರು ತಗೊಂಡಿದ್ದು?" ವಕೀಲಮ್ಮ ಬರಿಗಾಲಲ್ಲೇ ಗೇಟಿನ ಕಡೆ ಓಡಿದರು. ಅವರ ಹೊಸ ಚಪ್ಪಲಿ ಹಾಕಿಕೊಂಡಿದ್ದ ಮುದುಕಿ ಆಸ್ಪತ್ರೆಯ ನಲ್ಲಿಯ ಹತ್ತಿರ ನಿಂತಿದ್ದಳು. ರೈಟಕ್ಕ ಉಸಿರು ಬಿಗಿಹಿಡಿದು ದೂರದಿಂದ ನೋಡಿದಳು. ಮುದುಕಿ ಏನೋ ಹೇಳುತ್ತಾ ತನ್ನ ಹಿಮ್ಮಡಿ ತೋರಿಸಿದಳು. ಅಲ್ಲಿ ಬಿರುಕಿನೊಳಗೆ ಬಿರುಕು. ವಕೀಲಮ್ಮ ಬಗ್ಗಿ ಆಕೆಯ ಚಪ್ಪಲಿಯ ಪಟ್ಟಿಯನ್ನು ತಾವೇ ಸರಿಮಾಡಿ ವಾಪಸು ಬಂದರು.

"ಏನಾಯ್ತು?"

"ಕೇಸು ವಾಪಸ್ ತಗೊಂಡೆ," ಎಂದು ಏಣಿ ಹತ್ತಿದರು.

ರೈಟಕ್ಕ ನಿಟ್ಟುಸಿರು ಬಿಡುವಷ್ಟರಲ್ಲಿ ಪಾರ್ಲರ್ ತಂಗಿ ಬಂದಳು. "ಅಕ್ಕಾ, ಟೇಬಲ್ ಕೆಳಗೆ ನನ್ನ ಊಟದ ಡಬ್ಬಿ ಇಟ್ಟಿದ್ದೆ. ಹೊಟ್ಟೆ ಚುರ್ ಅಂತಿದೆ."

ರೈಟಕ್ಕನಿಗೆ ನೆನಪಾಯಿತು. ಸ್ಟೀಲಿನ ಡಬ್ಬಿ, ಫಳಫಳ ಹೊಳೆಯುತ್ತಿತ್ತು, ಒಬ್ಬ ಆಟೋದವನು ಚೌಕಾಸಿ ಮಾಡದೆ ಕೊಂಡಿದ್ದ. ಎತ್ತಿದಾಗ ಸ್ವಲ್ಪ ಭಾರ ಎನ್ನಿಸಿತ್ತು, ಗಟ್ಟಿ ಸ್ಟೀಲು ಎಂದುಕೊಂಡಿದ್ದಳು. ಅಷ್ಟರಲ್ಲಿ ಆ ಆಟೋದವನೇ ತೊಳೆದ ಡಬ್ಬಿ ಹಿಡಿದು ಪ್ರತ್ಯಕ್ಷನಾದ.

"ಡಬ್ಬಿ ಜೊತೆ ಊಟಾನೂ ಕೊಡ್ತೀರ ಅಂತ ಗೊತ್ತಿರಲಿಲ್ಲಮ್ಮ. ತುಂಬಾ ಉಪಕಾರ ಆಯ್ತು. ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ." ಎರಡು ಹೆಜ್ಜೆ ಹೋದವನು ತಿರುಗಿ, "ಉಪ್ಪು ಮಾತ್ರ ಸ್ವಲ್ಪ ಕಮ್ಮಿ," ಎಂದ.

ಪಾರ್ಲರ್ ತಂಗಿ ಅಳಬೇಕೋ ನಗಬೇಕೋ ತಿಳಿಯದೆ ಮೇಜಿನತ್ತ ತಿರುಗಿದಳು. ತಿರುಗಿದವಳು ಹಾಗೇ ಕಲ್ಲಾದಳು.

"ಅಕ್ಕಾ... ಇಲ್ಲೊಂದು ಬ್ರೌನ್ ಬ್ಯಾಗ್ ಇತ್ತಲ್ಲ? ಹಿತ್ತಾಳೆ ಕೊಂಡಿ ಇರೋದು?"

"ಅದೂ ಹೋಯ್ತು. ಕೊಂಡಿ ಬಿಗಿದುಕೊಂಡು ತೆಗೆಯೋಕೇ ಬರ್ತಿರಲಿಲ್ಲ. ಬೂದು ಶಾಲು ಹೊದ್ದಿದ್ದ ಒಬ್ಬ ಹೆಂಗಸು ಆದ್ರೂ ಪರವಾಗಿಲ್ಲ ಅಂತ ತಗೊಂಡ್ರು. ಈಗಷ್ಟೇ..."

"ಅದು ಮಿಸ್‌ದು ಅಕ್ಕಾ! ಇಪ್ಪತ್ತು ವರ್ಷದಿಂದ ಅದನ್ನ ಹೆಗಲಿಂದ ಇಳಿಸಿಲ್ಲ ಅವರು! ಹಾಲ್‌ನ ಅನುಮತಿ ಪತ್ರಾನೂ ಅದರಲ್ಲೇ ಇರುತ್ತೆ!"

ಹೆಡ್‌ಮಿಸ್ಸನ್ನು ಹೋಗಿ ಕೇಳಿಬಿಟ್ಟಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಹದಿನೆಂಟು ಜೊತೆ ಚಪ್ಪಲಿ ಮತ್ತು ಒಬ್ಬರ ಊಟ ಮಾರಿದ ಮೇಲೆ ನಿಮ್ಮ ಬ್ಯಾಗನ್ನೂ ಮಾರಿದೆ ಎಂದು ಹೇಳುವ ಎದೆಗಾರಿಕೆ ಬೇಕಲ್ಲ? ಹೆಡ್‌ಮಿಸ್ಸಿನ ಎದುರು ಬಾಯಿ ಬರುವಂತಿದ್ದರೆ ರೈಟಕ್ಕ ಸಂಚಾಲಕಿಯೇ ಆಗುತ್ತಿರಲಿಲ್ಲ. ದುಡ್ಡಿನ ಡಬ್ಬವನ್ನು ಪಾರ್ಲರ್ ತಂಗಿಯ ಕೈಗೆ ತುರುಕಿ ಬರಿಗಾಲಲ್ಲಿ ಓಡಿದಳು.

ಬೂದು ಶಾಲು ಬಸ್ಸು ಹತ್ತುತ್ತಿರುವುದು ಕಂಡಿತು. ರೈಟಕ್ಕ ಸ್ಟಾಪು ಮುಟ್ಟುವಷ್ಟರಲ್ಲಿ ಬಸ್ಸು ಹೊರಟಿತು. ಅವಳು ಹಿಂದಿನಿಂದ ಬಸ್ಸಿನ ಮೈಯನ್ನು ಎರಡೇಟು ಬಡಿದು, "ಹೋಲ್ಡಾನ್!" ಎಂದು ಕೂಗಿದಳು. ಅವಳ ದಿನನಿತ್ಯದ ಡ್ರೈವರಣ್ಣನೇ ಸ್ಟೇರಿಂಗಿನಲ್ಲಿದ್ದ. ಆ ದನಿಗೆ ಅವನ ಕಾಲು ಅವನನ್ನು ಕೇಳದೆಯೇ ಬ್ರೇಕು ಒತ್ತಿತು. ನಿಂತಿದ್ದವರೆಲ್ಲ ಕೂತಿದ್ದವರ ಮಡಿಲಿಗೆ ಬಂದರು.

"ಏನಕ್ಕಾ, ರಜಾ ದಿನಾನೂ ನಮ್ಮನ್ನ ಬಿಟ್ಟಿರೋಕೆ ಆಗಲ್ವಾ?" ಎಂದ ಡ್ರೈವರಣ್ಣ ಕನ್ನಡಿಯಲ್ಲಿ.

ರೈಟಕ್ಕ ಏದುಸಿರು ಬಿಡುತ್ತಾ ಮೂರನೇ ಸೀಟಿನ ಮುಂದೆ ನಿಂತಳು. ಬೂದು ಶಾಲಿನ ಹೆಂಗಸಿಗೆ ಅರವತ್ತು ದಾಟಿರಬೇಕು. ಬ್ಯಾಗನ್ನು ಮಡಿಲಲ್ಲಿಟ್ಟುಕೊಂಡು ಕಿಟಕಿಯ ಹೊರಗೆ ನೋಡುತ್ತಿದ್ದರು.

"ಅಮ್ಮಾ, ದಯವಿಟ್ಟು ಆ ಬ್ಯಾಗ್ ವಾಪಸ್ ಕೊಡಿ."

"ಯಾಕಮ್ಮ? ದುಡ್ಡು ಕೊಟ್ಟು ತಗೊಂಡಿದ್ದೀನಲ್ಲ."

"ಅದು ಮಾರೋದಲ್ಲ. ತಪ್ಪಾಯ್ತು. ಬೇರೆಯವರದ್ದು."

"ಸರಿ ಹಾಗಾದ್ರೆ, ನನ್ನ ದುಡ್ಡು ಕೊಡು."

ರೈಟಕ್ಕ ಕೈ ಚಾಚಿದಳು, ನೋಡಿಕೊಂಡಳು. ಎರಡು ಬರಿಗೈ. "ದುಡ್ಡಿನ ಡಬ್ಬ ಅಲ್ಲೇ ಬಿಟ್ಟು ಬಂದೆ ಅಮ್ಮ..."

"ದುಡ್ಡೂ ಕೊಡಲ್ಲ, ಸಾಮಾನೂ ಬೇಕು ಅಂದ್ರೆ ಅದಕ್ಕೆ ಏನೋ ಒಂದು ಹೆಸರಿದೆ ಅಲ್ವಾ?" ಎಂದು ಆ ಹೆಂಗಸು ತಣ್ಣಗೆ ಕೇಳಿದರು. ಸುತ್ತಲಿನ ನಾಲ್ಕಾರು ಸೀಟಿನವರು ತಮ್ಮ ತಮ್ಮ ಬ್ಯಾಗುಗಳನ್ನು ಹತ್ತಿರ ಎಳೆದುಕೊಂಡರು.

ಕೆಟ್ಟ ಕಾಲ ಒಂಟಿಯಾಗಿ ಬರುವುದಿಲ್ಲ. ಮುಂದಿನ ಸ್ಟಾಪಿನಲ್ಲಿ ಚೆಕಿಂಗ್ ಸಾಹೇಬರು ಹತ್ತಿದರು. ಸ್ವಂತ ಮಾವನಿಗೇ ದಂಡ ಹಾಕಿದ ಖ್ಯಾತಿಯವರು. ಒಂದೊಂದೇ ಟಿಕೆಟು ನೋಡುತ್ತಾ ಬಂದು, ರೈಟಕ್ಕನ ಮುಂದೆ ನಿಂತು, ಅಭ್ಯಾಸಬಲದಿಂದ ಕೈ ಚಾಚಿದರು.

"ಟಿಕೆಟ್?"

ಹದಿನಾರು ವರ್ಷದಲ್ಲಿ ಲಕ್ಷಾಂತರ ಟಿಕೆಟು ಹರಿದ ಹೆಂಗಸು, ತನ್ನದೇ ರೂಟಿನ ತನ್ನದೇ ಬಸ್ಸಿನಲ್ಲಿ, ಟಿಕೆಟ್ಟಿಲ್ಲದೆ, ಚಪ್ಪಲಿಯಿಲ್ಲದೆ, ಕಿವಿಯ ಮೇಲೆ ಹಳದಿ ಬಣ್ಣ ಮೆತ್ತಿಕೊಂಡು ನಿಂತಿದ್ದಳು. ಡ್ರೈವರಣ್ಣ ಕನ್ನಡಿಯನ್ನು ಬೇರೆ ಕಡೆಗೆ ತಿರುಗಿಸಿದ. ಅಷ್ಟು ಮಟ್ಟಿಗೆ ಅವನು ಒಳ್ಳೆಯವನು.

"ನೀನಾ?" ಎಂದರು ಸಾಹೇಬರು. ಅವರ ದನಿಯಲ್ಲಿ ಕೋಪಕ್ಕಿಂತ ದುಃಖವೇ ಹೆಚ್ಚಿತ್ತು. "ನಿನ್ನನ್ನ ಎಲ್ಲರಿಗೂ ಉದಾಹರಣೆ ಕೊಡ್ತಿದ್ನಲ್ಲಮ್ಮ ನಾನು."

ಆಗ ಅವಳಿಗೆ ಅಳು ಬಂದುಬಿಟ್ಟಿತು. ಅಳುತ್ತಲೇ ಎಲ್ಲವನ್ನೂ ಹೇಳಿದಳು. ಪೆನ್ನು, ಹಾಲ್, ನಾಲ್ಕು ಗಂಟೆಯ ಗಡುವು, ಚಪ್ಪಲಿ, ಡಬ್ಬಿ, ಬ್ಯಾಗು, ಅದರೊಳಗಿನ ಪತ್ರ. "ಪತ್ರ ಇಲ್ಲ ಅಂದ್ರೆ ಹಾಲ್ ಮತ್ತೆ ಗೋಡೌನ್ ಆಗುತ್ತೆ ಸಾರ್. ಹೊಟ್ಟೇಲಿ ಸಂಕಟ ಇಟ್ಕೊಂಡು ಆ ಹೆಂಗಸರು ಮತ್ತೆ ನೆಲದ ಮೇಲೇ ಮಲಗ್ಬೇಕು. ನಾನೂ ಮಲಗಿದ್ದೆ. ನಡುರಾತ್ರಿ ನೆಲ ಒರೆಸೋಕೆ ಬರ್ತಾರೆ, ಎದ್ದು ಹಾಸಿಗೆ ಸುತ್ತಿ ನಿಂತ್ಕೋಬೇಕು. ನೆಲ ಒಣಗೋವರೆಗೂ ಎಲ್ಲರೂ ಹಾಗೇ ಗೋಡೆಗೆ ಒರಗಿ ನಿಂತಿರ್ತಾರೆ. ಯಾರೂ ಏನೂ ಅನ್ನಲ್ಲ."

ಸಾಹೇಬರು ದಂಡದ ಪುಸ್ತಕ ತೆಗೆದರು.

"ಕಾನೂನು ಕಾನೂನೇ," ಎನ್ನುತ್ತಾ ಬರೆದರು. ಬರೆಯುತ್ತಲೇ, ತಲೆ ಎತ್ತದೆ, "ನಮ್ಮಮ್ಮ ಒಂಬತ್ತು ರಾತ್ರಿ ಅಲ್ಲಿದ್ರು. ನನ್ನ ದೊಡ್ಡ ಮಗಳು ಹುಟ್ಟಿದಾಗ. ನಾನು ಹೊರಗೆ ಮೆಟ್ಟಿಲ ಮೇಲೆ. ನೆಲ ಒರೆಸೋ ವಿಷಯ ಅಮ್ಮ ಒಂದು ದಿನಾನೂ ನನಗೆ ಹೇಳಿಲ್ಲ," ಎಂದರು. ರಸೀದಿ ಹರಿದು ಮುಂದೆ ಹಿಡಿದರು.

"ದಂಡ ನಾನು ಕೊಡ್ತೀನಿ," ಎಂದರು ಬೂದು ಶಾಲಿನವರು. ಎಲ್ಲರೂ ಅತ್ತ ತಿರುಗಿದರು. ಅವರು ದುಡ್ಡು ಕೊಟ್ಟು, ಬ್ಯಾಗನ್ನೂ ಎತ್ತಿ ರೈಟಕ್ಕನ ಕೈಗಿಟ್ಟರು. "ಇವತ್ತಿನ ಕೆಲಸಕ್ಕೆ ನಿನಗೆ ಎಷ್ಟು ಕೊಡ್ತಾರಮ್ಮ?"

"ಎಷ್ಟೂ ಇಲ್ಲ. ಇವತ್ತು ನನಗೆ ರಜಾ."

"ಓಹೋ, ರಜಾ!" ಎಂದು ಅವರು ಮೊದಲ ಸಲ ನಕ್ಕರು.

"ಅಮ್ಮಾ, ನಿಮ್ಮ ಉಪಕಾರ ಸಾಯೋವರೆಗೂ ಮರೆಯಲ್ಲ. ವಿಳಾಸ ಕೊಡಿ, ನಾಳೆನೇ ದುಡ್ಡು ತಂದುಕೊಡ್ತೀನಿ."

"ಬೇಡ. ಸಿಗ್ತೀನಿ."

ಸಾಹೇಬರು ರೈಟಕ್ಕನನ್ನು ಇಳಿಸಿ, ರಸ್ತೆ ದಾಟಿಸಿ, ಎದುರಿನಿಂದ ಬಂದ ಬಸ್ಸನ್ನು ಕೈ ಅಡ್ಡ ಹಾಕಿ ನಿಲ್ಲಿಸಿದರು. ಸ್ವಂತ ಜೇಬಿನಿಂದ ಟಿಕೆಟು ತೆಗೆದು ಅವಳ ಕೈಗೆ ಕೊಟ್ಟು, "ಇಟ್ಕೋ. ಕೊನೆವರೆಗೂ ಬಿಸಾಕಬೇಡ," ಎಂದರು. ಹದಿನಾರು ವರ್ಷ ದಿನಕ್ಕೆ ನೂರು ಸಲ ತಾನೇ ಹೇಳಿದ ಮಾತು. ಬೇರೆಯವರ ಬಾಯಿಂದ ಕೇಳಿದಾಗ ಅದು ಇಷ್ಟು ಹಿತವಾಗಿರುತ್ತದೆಂದು ಅವಳಿಗೆ ಗೊತ್ತೇ ಇರಲಿಲ್ಲ.

ಆಸ್ಪತ್ರೆಗೆ ಮರಳುವಾಗ ಮೂರೂಮುಕ್ಕಾಲು. ಬಾಗಿಲಲ್ಲಿ ನಿಂತ ರೈಟಕ್ಕನಿಗೆ ಒಂದು ಕ್ಷಣ ತಾನು ಬೇರೆಲ್ಲಿಗೋ ಬಂದೆನೇನೋ ಎನ್ನಿಸಿತು. ಬೆಳಿಗ್ಗೆ ಜೇಡರ ಬಲೆಯಿದ್ದ ಕಡೆ ತಿಳಿಹಳದಿಯ ಗೋಡೆ. ತೊಳೆದ ನೆಲ ಕಿಟಕಿಯ ಬೆಳಕನ್ನು ಹೊತ್ತು ಮಲಗಿತ್ತು. ಎರಡು ಸಾಲಿನಲ್ಲಿ ಇಪ್ಪತ್ತು ಮಂಚ, ಎಲ್ಲವಕ್ಕೂ ನಾಲ್ಕು ನಾಲ್ಕು ಕಾಲು. ಬೀದಿಯ ಹೆಂಗಸರು ಬಣ್ಣ ಬಣ್ಣದ ಮುಖ ಹೊತ್ತು, ಬರಿಗಾಲಲ್ಲಿ, ಹೊಸದಾಗಿ ಹುಟ್ಟಿದವರಂತೆ ನಿಂತಿದ್ದರು. ಯಾರೂ ಅವಳನ್ನು ಚಪ್ಪಲಿಯ ಬಗ್ಗೆ ಕೇಳಲಿಲ್ಲ. ವಕೀಲಮ್ಮ ಒಂದು ಲೋಟ ಟೀ ತಂದು ಕೈಗಿಟ್ಟರು.

ಟೀ ಕುಡಿಯಲು ಬಿಡುವೆಲ್ಲಿ? ಹೆಡ್‌ಮಿಸ್ಸು ಎದುರಿಗೇ ಬರುತ್ತಿದ್ದರು. ರೈಟಕ್ಕ ಬ್ಯಾಗನ್ನು ಎರಡೂ ಕೈಯಲ್ಲಿ ಮುಂದೆ ಹಿಡಿದಳು.

"ತಗೊಳ್ಳಿ ಮಿಸ್. ತಪ್ಪಾಯ್ತು. ಹೇಗೋ ಹಿಡ್ಕೊಂಡು ಬಂದೆ."

ಹೆಡ್‌ಮಿಸ್ಸು ಕನ್ನಡಕ ಏರಿಸಿ ನೋಡಿದರು. "ಇದನ್ನ ಯಾಕೆ ವಾಪಸ್ ತಂದೆ? ಕೊಂಡಿ ಕೆಟ್ಟಿದೆ ಅಂತ ಮಾರಾಟಕ್ಕೆ ನಾನೇ ಅಲ್ವಾ ಇಟ್ಟಿದ್ದು?"

"ಮತ್ತೆ... ನಿಮ್ಮ ಬ್ಯಾಗು? ಅನುಮತಿ ಪತ್ರ?"

ಹೆಡ್‌ಮಿಸ್ಸು ಹೆಗಲು ತಿರುಗಿಸಿದರು. ಅಲ್ಲಿ ಅಂಥದ್ದೇ ಇನ್ನೊಂದು ಬ್ರೌನ್ ಬ್ಯಾಗು, ಅಂಥದ್ದೇ ಹಿತ್ತಾಳೆ ಕೊಂಡಿ ಫಳಫಳಿಸುತ್ತಿತ್ತು. "ಹೋದ ತಿಂಗಳೇ ತಗೊಂಡೆ. ಒಂದು ಸಲ ಒಪ್ಪಿದ್ದನ್ನ ನಾನು ಬದಲಾಯಿಸಲ್ಲ. ಅದಿರಲಿ, ಇದನ್ನ ಯಾರಿಂದ ಕಿತ್ತುಕೊಂಡು ಬಂದೆ?"

ರೈಟಕ್ಕ ಪಕ್ಕದ ಮಂಚದ ಮೇಲೆ ಕುಸಿದಳು. ಹಾಗಾದರೆ ಆ ಹೆಂಗಸಿನ ಸಾಮಾನು ಅವರದೇ! ನ್ಯಾಯವಾಗಿ ಕೊಂಡವರ ಕೈಯಿಂದ ಅತ್ತು ಕಿತ್ತುಕೊಂಡು, ಅವರ ಹತ್ತಿರವೇ ದಂಡವನ್ನೂ ಕಟ್ಟಿಸಿ ಬಂದಿದ್ದಾಳೆ. ವಿಳಾಸವೂ ಗೊತ್ತಿಲ್ಲ.

"ಅತಿಥಿಗಳು ಬಂದ್ರು!" ಎಂದು ಪಾರ್ಲರ್ ತಂಗಿ ಬಾಗಿಲಿಂದ ಕೂಗಿದಳು.

ಕಾರು ಬರಲಿಲ್ಲ. ಸಿಟಿ ಬಸ್ಸು ಬಂದು ಗೇಟಿನ ಮುಂದೆ ನಿಂತಿತು. ಹಾಸಿಗೆ ಕಾರ್ಖಾನೆಯ ಒಡತಿ ಇಳಿದರು. ಶಾಲು ಬದಲಾಗಿರಲಿಲ್ಲ. ಅದೇ ಬೂದು ಬಣ್ಣ.

ರೈಟಕ್ಕ ಮಂಚದ ಕೆಳಗೆ ಜಾಗ ಎಷ್ಟಿದೆ ಎಂದು ನೋಡಿದಳು. ತೂರಲು ಹೊರಟವಳನ್ನು ವಕೀಲಮ್ಮ ತೋಳು ಹಿಡಿದು ನಿಲ್ಲಿಸಿದರು. ಅತಿಥಿ ಒಂದೊಂದು ಮಂಚವನ್ನೂ ಅಲ್ಲಾಡಿಸಿ ನೋಡುತ್ತಾ, ಗೋಡೆಗೆ ಬೆರಳೊತ್ತಿ ನೋಡುತ್ತಾ, ನಡುವೆ ಬಂದು ನಿಂತರು.

"ಮಧ್ಯಾಹ್ನಾನೇ ಒಂದು ಸಲ ಬಂದು ನೋಡಿಕೊಂಡು ಹೋಗಿದ್ದೆ," ಎಂದು ಶುರುಮಾಡಿದರು. "ಫೋಟೋ ತೆಗೆಸ್ಕೊಳ್ಳೋಕೆ ಪೊರಕೆ ಹಿಡಿಯೋರನ್ನ ಬಹಳ ನೋಡಿದ್ದೀನಿ, ಅದಕ್ಕೆ. ಇಲ್ಲಿ ಎಲ್ಲರೂ ಬೆವರು ಸುರಿಸ್ತಿದ್ರು. ಸಂತೋಷ ಆಯ್ತು, ಒಂದು ಬ್ಯಾಗು ಕೊಂಡೆ. ಆಮೇಲೆ ನಿಮ್ಮಲ್ಲಿ ಒಬ್ಬರು ಬರಿಗಾಲಲ್ಲಿ ಓಡಿಬಂದು, ಬಸ್ಸು ನಿಲ್ಲಿಸಿ, ಅದನ್ನ ವಾಪಸ್ ತಗೊಂಡು ಹೋದ್ರು."

ಹೆಡ್‌ಮಿಸ್ಸಿನ ಮುಖ ಸುಣ್ಣದಂತಾಯಿತು. ರೈಟಕ್ಕ ಕಣ್ಣು ಮುಚ್ಚಿಕೊಂಡಳು.

"ಇಪ್ಪತ್ತು ಹಾಸಿಗೆ, ಇಪ್ಪತ್ತು ದಿಂಬು ನಾನು ಕೊಡ್ತೀನಿ. ಹೊರಗೆ ಗಾಡೀಲಿ ಬರ್ತಾ ಇದೆ," ಎಂದರು ಅತಿಥಿ. ಚಪ್ಪಾಳೆ ಏಳುವ ಮೊದಲೇ ಕೈ ಎತ್ತಿದರು. "ಆದ್ರೆ ಒಂದು ಷರತ್ತು. ಇಂಥ ಕಡೆ ಕೊಟ್ಟ ಹಾಸಿಗೆ ಎರಡೇ ತಿಂಗಳಲ್ಲಿ ಕಾಣೆಯಾಗೋದನ್ನೂ ನೋಡಿದ್ದೀನಿ. ವಾರಕ್ಕೊಂದು ದಿನ ಬಂದು ಬಿಸಿಲಿಗೆ ಹಾಕಿ, ಎಣಿಸಿ, ಹೊಲಿದು ನೋಡಿಕೊಳ್ಳೋರು ಒಬ್ಬರು ಬೇಕು. ತನ್ನದಲ್ಲದ ಒಂದು ಹಳೇ ಬ್ಯಾಗಿಗೆ ಅಷ್ಟು ಓಡಿದ ಹೆಂಗಸು ನನ್ನ ಹಾಸಿಗೆಗೂ ಓಡ್ತಾಳೆ. ಅವಳು ಒಪ್ಪಿದ್ರೆ ಹಾಸಿಗೆ ಇಳಿಸ್ತೀನಿ. ಏನಮ್ಮಾ, ವಾರದಲ್ಲಿ ನಿನಗೆ ಯಾವ ದಿನ ಬಿಡುವು?"

ರೈಟಕ್ಕ ಬಾಯಿ ತೆರೆದಳು.

"ಬುಧವಾರ ಮೇಡಂ!" ಎಂದರು ಹೆಡ್‌ಮಿಸ್ಸು. "ಇಡೀ ದಿನ ಖಾಲಿ!"

ಚಪ್ಪಾಳೆ ಬಿತ್ತು. ಎಷ್ಟು ಜೋರಾಗಿ ಎಂದರೆ ಒಳಗಿನ ವಾರ್ಡಿನಲ್ಲಿ ನಾಲ್ಕೈದು ಕೂಸುಗಳು ಒಟ್ಟಿಗೇ ಅತ್ತವು.

ಹಾಸಿಗೆಗಳು ಬಂದವು, ಹಾಸಿದ್ದೂ ಆಯಿತು. ಓಣಿಯಲ್ಲಿದ್ದ ಹೆಂಗಸರು ಗಂಟುಮೂಟೆ ಹಿಡಿದು ಒಬ್ಬೊಬ್ಬರಾಗಿ ಬಂದರು. ಹೊಸ್ತಿಲಲ್ಲೇ ನಿಂತರು, ಒಳಗೆ ಕಾಲಿಡಬಹುದೇ ಎಂದು ಒಬ್ಬರ ಮುಖ ಒಬ್ಬರು ನೋಡಿದರು. "ಬನ್ನಿ ಬನ್ನಿ, ಒಳಗೆ ಜಾಗ ಇದೆ," ಎಂದಳು ರೈಟಕ್ಕ, ಈ ಸಲ ಕೂಗದೆ.

ಎಲ್ಲರಿಗಿಂತ ಹಿಂದೆ ಒಬ್ಬ ಅಜ್ಜಿ ಬಂದಳು. ಮೊಮ್ಮಗಳ ಹೆರಿಗೆ ಕಷ್ಟವಾಗಿ ಹನ್ನೆರಡು ದಿನದಿಂದ ಓಣಿಯಲ್ಲಿದ್ದವಳು. ಮಂಚದ ಅಂಚಿನಲ್ಲಿ ಕೂತು, ಹಾಸಿಗೆಯನ್ನು ಅಂಗೈಯಿಂದ ಒತ್ತಿ, ತೆಗೆದು, ಮತ್ತೆ ಒತ್ತಿದಳು.

"ನೆಲ ಒರೆಸುವಾಗ ಏಳ್ಬೇಕಾ ಮಗಳೇ?"

"ಇಲ್ಲಜ್ಜಿ. ಮಂಚದ ಕೆಳ್ಗೆ ಒರೆಸ್ತಾರೆ. ನಿಮ್ಮನ್ನ ಯಾರೂ ಎಬ್ಬಿಸಲ್ಲ."

"ಯಾರೂ?"

"ಯಾರೂ ಇಲ್ಲ."

ಅಜ್ಜಿ ಅವಳ ಕೈಯನ್ನು ಕೆನ್ನೆಗೆ ಒತ್ತಿಕೊಂಡು ಹಾಗೇ ಅಡ್ಡಾದಳು. ಎರಡು ನಿಮಿಷಕ್ಕೆ ಗೊರಕೆ ಶುರುವಾಯಿತು. ಕೈ ಬಿಡಿಸಿಕೊಂಡರೆ ಎಚ್ಚರವಾದೀತೆಂದು ರೈಟಕ್ಕ ಬಗ್ಗಿದಂತೆಯೇ ನಿಂತಳು. ಸೊಂಟ ಬಿಟ್ಟುಹೋಗುವಂತಿತ್ತು, ಅಂಗಾಲು ಉರಿಯುತ್ತಿತ್ತು, ಕಣ್ಣು ತಾನಾಗಿಯೇ ಮುಚ್ಚಿಕೊಳ್ಳುತ್ತಿತ್ತು. ಇಪ್ಪತ್ತು ಹಾಸಿಗೆಯೂ ಭರ್ತಿ. ಇನ್ನು ಮುಂದೆ ಬುಧವಾರವೂ ಭರ್ತಿ. ಆದರೂ ಹದಿನಾರು ವರ್ಷದಲ್ಲಿ ಎಷ್ಟೋ ಜನರಿಗೆ ಸೀಟು ತೋರಿಸಿದವಳಿಗೆ, ಒಬ್ಬರಿಗೆ ಸರಿಯಾಗಿ ಸೀಟು ಸಿಕ್ಕಿತು ಎಂದು ಅನ್ನಿಸಿದ್ದು ಅವತ್ತೇ.

ಹೆಡ್‌ಮಿಸ್ಸು ಪಕ್ಕಕ್ಕೆ ಬಂದು ನಿಂತರು. ರೈಟಕ್ಕ ತಿರುಗಿ ನೋಡದೆ, ಅಜ್ಜಿಗೆ ಕೇಳದಂತೆ, ಪಿಸುಗುಟ್ಟಿದಳು.

"ಮುಂದಿನ ಬುಧವಾರ ಎಷ್ಟೊತ್ತಿಗೆ ಬರ್ಲಿ ಮಿಸ್?"

ನಲವತ್ತು ವರ್ಷ ಶಾಲೆಯನ್ನೇ ನಡುಗಿಸಿದ ಗಂಟಲು ಬಹುಶಃ ಮೊದಲ ಸಲ ಪಿಸುಗುಟ್ಟಿತು.

"ಆರಕ್ಕೆ. ನಾನೂ ಬರ್ತೀನಿ."